ಊನಾ ಡೂಲನ್ ಕೇಳಿದ ಪೋರ್ಟ್

ಡೆಲಿಸ್ ಹುಟ್ಟಿದ್ದು ಕ್ವೀನ್ಸ್‌ಲ್ಯಾಂಡಿನ ಬಬಿಂಡಾದಲ್ಲಿ. ಸುತ್ತ ಕಬ್ಬು, ನಡುವೆ ಸಕ್ಕರೆ ಕಾರ್ಖಾನೆ, ವರ್ಷದಲ್ಲಿ ಮುಕ್ಕಾಲು ಪಾಲು ಮಳೆಗೆ ಹಗ್ಗದ ಮೇಲೆ ಒಣಗದ ಬಟ್ಟೆ. ಅವಳಿಗೆ ಹತ್ತೊಂಬತ್ತು ತುಂಬಿದ ವರ್ಷ ಕಬ್ಬು ಅರೆಯುವ ಹಂಗಾಮಿಗೆ ಯಂತ್ರ ರಿಪೇರಿ ಮಾಡಲು ದಕ್ಷಿಣದಿಂದ ಮರ್ವ್ ಎಂಬವನು ಬಂದ. ಹಂಗಾಮು ಮುಗಿಯುವುದರೊಳಗೆ ಮದುವೆಯೂ ಮುಗಿದಿತ್ತು. ನಾಲ್ಕು ದಿನ ರೈಲು ಬದಲಿಸುತ್ತಾ ಅವನು ಅವಳನ್ನು ಅಡಿಲೇಡಿನ ಸೆಮಫೋರ್ ಬೀಚಿನ ಹತ್ತಿರದ ತನ್ನ ತಾಯಿಯ ಮನೆಗೆ ಕರೆತಂದ.

ಅತ್ತೆ ಐವಿ ಕೆಟ್ಟವಳಲ್ಲ. ನಗೆಚಾಟಿಕೆಯವಳು, ಅಷ್ಟೆ. ಒಂದು ತಮಾಷೆ ಸಿಕ್ಕಿತೆಂದರೆ ಮೂಳೆ ಸಿಕ್ಕ ನಾಯಿಯಂತೆ ಅದನ್ನು ಬಿಡುತ್ತಿರಲಿಲ್ಲ. ಡೆಲಿಸ್ ಮನೆಯೊಳಗೆ ಕಾಲಿಟ್ಟು, ತನ್ನ ಪೆಟ್ಟಿಗೆಯನ್ನು ಎತ್ತಿ ಹಿಡಿದು, ಮಲಗುವ ಕೋಣೆಯ ಕನ್ನಡಿ ಮೇಜನ್ನು ನೋಡುತ್ತಾ ಕೇಳಿದಳು:

"ನನ್ನ ಪೋರ್ಟನ್ನ ಡಚೆಸ್ ಮೇಲೆ ಇಡ್ಲಾ?"

ಬಬಿಂಡಾದಲ್ಲಿ ಇದು ಯಾರೂ ತಿರುಗಿ ನೋಡದಂಥ ಮಾತು. ಅಲ್ಲಿ ಕೈಪೆಟ್ಟಿಗೆಗೆ ಪೋರ್ಟ್ ಎನ್ನುತ್ತಾರೆ, ಶಾಲೆಗೆ ಹೋಗುವ ಮಗುವಿನ ಕೈಯಲ್ಲಿರುವುದೂ ಪೋರ್ಟೇ. ಕನ್ನಡಿ ಮೇಜಿಗೆ ಡಚೆಸ್ ಎನ್ನುತ್ತಾರೆ. ಅಡಿಲೇಡಿನಲ್ಲಿ ಪೋರ್ಟ್ ಎಂದರೆ ಊಟದ ನಂತರ ಗುಟುಕರಿಸುವ ಸಿಹಿ ವೈನು. ಡಚೆಸ್ ಎಂದರೆ ದೊರೆಸಾನಿ. ಐವಿ ಗೋಡೆ ಹಿಡಿದುಕೊಂಡು ನಕ್ಕಳು.

"ಕೇಳಿದ್ಯೇನೋ ಮರ್ವ್? ನಿನ್ನ ಹೆಂಡ್ತಿಗೆ ದೊರೆಸಾನಿ ಮೇಲೆ ವೈನ್ ಇಡ್ಬೇಕಂತೆ! ಯಾವ ದೊರೆಸಾನೀನ ಕರೆಸ್ಲಮ್ಮಾ?"

ಆ ಮಾತು ಮರುದಿನ ಚರ್ಚಿಗೆ ಹೋಯಿತು, ಅಲ್ಲಿಂದ ಮಾಂಸದಂಗಡಿಗೆ ಹೋಯಿತು, ಕ್ರಿಸ್ಮಸ್ ಊಟಕ್ಕೆ ಬಂದ ನೆಂಟರಿಗೆಲ್ಲ ಬಡಿಸಲ್ಪಟ್ಟಿತು. ಪಕ್ಕದ ಮನೆಯವನು ಬೇಲಿಯಾಚೆಯಿಂದ ಟೊಪ್ಪಿ ಎತ್ತಿ, "ಹೇಗಿದ್ದೀರಿ, ಡಚೆಸ್?" ಎನ್ನತೊಡಗಿದ. ಮೀನಂಗಡಿಯಲ್ಲಿ ಆರು ಸ್ಕಾಲಪ್ ಕೊಡಿ ಎಂದರೆ, ಹಿಟ್ಟಲ್ಲಿ ಅದ್ದಿ ಕರಿದ ಆಲೂಗಡ್ಡೆ ಬಿಲ್ಲೆಯ ಬದಲು ಸಮುದ್ರದ ಚಿಪ್ಪಿನ ಮಾಂಸ ಕಟ್ಟಿಕೊಟ್ಟರು. ಸಮುದ್ರಕ್ಕೆ ಹೋಗೋಣ, ನನ್ನ ಟಾಗ್ಸ್ ಎಲ್ಲಿ ಎಂದು ಈಜುಡುಗೆ ಹುಡುಕಿದರೆ ನಾದಿನಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಉತ್ತರದವರೆಂದರೆ ಇಲ್ಲಿಯವರಿಗೆ 'ಬಾಳೆಕಾಯಿ ಬಗ್ಗಿಸೋರು'. ಬೇರೆ ಕಸುಬಿಲ್ಲದೆ ಕೂತು ಬಾಳೆಕಾಯಿಗೆ ಡೊಂಕು ಕೊಡುವ ಜನ ಎಂಬ ಲೇವಡಿ. ಇಲ್ಲಿಯವರಿಗೆ ಉತ್ತರದವರು 'ಕಾಗೆ ತಿನ್ನೋರು' ಎನ್ನುತ್ತಾರೆ ನಿಜ. ಆದರೆ ಒಂದು ಮನೆ ತುಂಬ ಕಾಗೆ ತಿನ್ನುವವರಿರುವಾಗ ಒಬ್ಬಳೇ ಹುಡುಗಿ ಏನು ಎದುರಾಡಿಯಾಳು?

ಅವಳು ಎದುರಾಡಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ತನ್ನ ಮಾತಿನಿಂದ ಊರಿನ ಪದಗಳನ್ನು ಒಂದೊಂದಾಗಿ ಆರಿಸಿ ಎಸೆದಳು. ಟಾಗ್ಸ್ ಹೋಗಿ ಬೇದರ್ಸ್ ಬಂತು. ಸ್ಕಾಲಪ್ ಹೋಗಿ ಫ್ರಿಟರ್ ಬಂತು. ಮಾತಿನ ಕೊನೆಗೆ 'ಏ' ಎಂದು ಎಳೆಯುವ ಬಬಿಂಡಾದ ರೂಢಿಯನ್ನು ಬಿಡುವುದಕ್ಕೆ ಎರಡು ವರ್ಷ ಹಿಡಿಯಿತು. ಅದನ್ನೂ ಬಿಟ್ಟಳು. ಊರಿಂದ ಅಕ್ಕ ಫೋನ್ ಮಾಡಿದರೆ ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದಳು.

ಮೂವತ್ತೆಂಟನೆಯ ವಯಸ್ಸಿನಲ್ಲಿ, ಮಕ್ಕಳು ದೊಡ್ಡವರಾದ ಮೇಲೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಒಂದು ವೃದ್ಧರ ಆಸರೆಮನೆಯಲ್ಲಿ ಅವಳು ಆಯಾ ಕೆಲಸಕ್ಕೆ ಸೇರಿದಳು. ಮೊದಲ ದಿನವೇ ಶೆರಿಲ್ ಎಂಬ ಜೊತೆಗಾತಿ ಬೆಳಗಿನ ಚಹಾಕ್ಕೆ ಕೂತು ಕೇಳಿದಳು:

"ಹುಟ್ಟೂರು ಯಾವ್ದು ನಿಂದು?"

ಅಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ. ಡೆಲಿಸ್ ಬಾಯಿಗೆ ಬಂದದ್ದು ಹೇಳಿಬಿಟ್ಟಳು. "ಮೌಂಟ್ ಗ್ಯಾಂಬಿಯರ್."

ಅಡಿಲೇಡ್ ಇರುವ ರಾಜ್ಯದ್ದೇ ಊರು. ಅವಳು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ಶೆರಿಲ್ "ಓ, ಅಲ್ಲಿ ಚಳಿ ಕಣೇ" ಎಂದು ಇನ್ನೊಂದು ಬಿಸ್ಕತ್ತು ತೆಗೆದುಕೊಂಡಳು. ಅಷ್ಟಕ್ಕೆ ಆ ಸುಳ್ಳು ಭದ್ರವಾಗಿ ಕೂತುಬಿಟ್ಟಿತು.

ಎರಡು ವರ್ಷ ಕಳೆದ ಮೇಲೆ, ಮೇ ತಿಂಗಳಲ್ಲಿ, ಊನಾ ಡೂಲನ್ ಎಂಬ ಎಪ್ಪತ್ತೊಂಬತ್ತರ ಮುದುಕಿಯನ್ನು ಅವಳ ಸೊಸೆ ಗ್ವೆನ್ ಕರೆತಂದು ಸೇರಿಸಿದಳು. ಊನಾಳ ಒಬ್ಬನೇ ಮಗ ನೆವಿಲ್ ಹಿಂದಿನ ವರ್ಷ ತೀರಿಕೊಂಡಿದ್ದ. ಮಗನ ಮನೆಗೆಂದು ಬಂದಿದ್ದ ತಾಯಿ ಸೊಸೆಯ ಜೊತೆಯೇ ಉಳಿದಿದ್ದಳು. ಆಮೇಲೆ ಪಾರ್ಶ್ವವಾಯು ಬಡಿದು ಬಲಗೈ ಹೋಯಿತು, ಮಾತೂ ಬಹುಪಾಲು ಹೋಯಿತು. ಉಳಿದದ್ದು ಹತ್ತು ಹದಿನೈದು ಪದ. ಆಸರೆಮನೆಯ ನಿಯಮದಂತೆ ಬಟ್ಟೆಗಳನ್ನು ಬೀರುವಿನಲ್ಲಿಟ್ಟು, ಅವಳ ಜೊತೆ ಬಂದ ಹಳೆಯ ಕಂದು ಪೆಟ್ಟಿಗೆಯನ್ನು ಉಗ್ರಾಣಕ್ಕೆ ಸಾಗಿಸಿದರು.

ಅಂದು ಮಧ್ಯಾಹ್ನದಿಂದಲೇ ಊನಾ ಶುರುಮಾಡಿದಳು. "ಪೋರ್ಟು. ನನ್... ಪೋರ್ಟು."

ಮೊದಲಿಗೆ ಎಲ್ಲರೂ ಅದು ಬಂದರುಕೇರಿಯ ಮಾತು ಎಂದುಕೊಂಡರು. ಅಡಿಲೇಡಿನಲ್ಲಿ ಬಂದರಿನ ಸುತ್ತಲ ಬಡಾವಣೆಗೂ ಪೋರ್ಟ್ ಎಂದೇ ಹೆಸರು. "ಹಡಗು ನೋಡ್ಬೇಕಾ ಮಿಸೆಸ್ ಡೂಲನ್?" ಎಂದು ಶೆರಿಲ್ ಕೂಗಿ ಕೇಳಿದಳು. ಮುದುಕಿ ಅಲ್ಲವೆಂದು ತಲೆಯಾಡಿಸಿದಳು. ಎಡಗೈಯಿಂದ ಗಾಳಿಯಲ್ಲಿ ಏನನ್ನೋ ಎತ್ತಿ ಹಿಡಿದಂತೆ ಮಾಡಿದಳು. ಶೆರಿಲ್‌ಗೆ ಅದು ಲೋಟ ಎತ್ತಿದಂತೆ ಕಂಡಿತು.

"ಅಯ್ಯೋ, ವೈನು ಕಣ್ರೇ! ಅಜ್ಜಮ್ಮಂಗೆ ಗುಟುಕು ಬೇಕಂತೆ!"

ಡೆಲಿಸ್ ಹಾಸಿಗೆಯ ಆ ಬದಿಯಲ್ಲಿ ದಿಂಬಿಗೆ ಚೀಲ ಹಾಕುತ್ತಿದ್ದಳು. ಮೊದಲ ಸಲ ಆ ಪದ ಕಿವಿಗೆ ಬಿದ್ದಾಗಲೇ ಅವಳಿಗೆ ತಿಳಿದುಹೋಗಿತ್ತು. ಆ ಕೈ ಲೋಟ ಎತ್ತಿದ್ದಲ್ಲ, ಪೆಟ್ಟಿಗೆಯ ಹಿಡಿ ಹಿಡಿದದ್ದು. ಮಂಚದ ಕಾಲಿಗೆ ತೂಗುಹಾಕಿದ್ದ ಹಾಳೆಯಲ್ಲಿ ಹುಟ್ಟೂರು ಗಾರ್ಡನ್‌ವೇಲ್ ಎಂದು ಬರೆದಿತ್ತು. ಬಬಿಂಡಾದಿಂದ ಮುಕ್ಕಾಲು ಗಂಟೆಯ ದಾರಿ. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆಗಲೇ ಶೆರಿಲ್ ನಗುತ್ತಾ ಹೇಳಿದಳು: "ಬಾಳೆಕಾಯಿ ಬಗ್ಗಿಸೋ ನಾಡೋಳಲ್ವಾ, ಸೆಕೆಗೆ ಬೆಳಗ್ಗೆಯಿಂದ್ಲೇ ಏರಿಸ್ತಾರೆ ಅಲ್ಲಿ!"

'ನಿನಗೆ ಹೇಗೆ ಗೊತ್ತು?' ಎಂದು ಶೆರಿಲ್ ಕೇಳುತ್ತಾಳೆ. ಮೌಂಟ್ ಗ್ಯಾಂಬಿಯರ್ ಏನಾಯಿತು ಎನ್ನುತ್ತಾಳೆ. ಡೆಲಿಸ್ ಬಾಯಿ ಮುಚ್ಚಿಕೊಂಡಳು. ಎಲ್ಲರೂ ನಕ್ಕಾಗ ತಾನೂ ನಕ್ಕಳು. ಆ ನಗುವನ್ನು ಮುದುಕಿ ನೋಡಿದಳು.

ಮೇಲ್ವಿಚಾರಕಿ ಸಿಸ್ಟರ್ ನೊಸ್ಕೆ ಕಟ್ಟುನಿಟ್ಟಿನವಳು, ಆದರೆ ಕರುಳಿಲ್ಲದವಳಲ್ಲ. ಸಂಜೆ ಊಟದ ಜೊತೆ ಒಂದು ಪುಟ್ಟ ಲೋಟದಲ್ಲಿ ಸಿಹಿ ವೈನು ಕೊಡಲು ಡಾಕ್ಟರ ಒಪ್ಪಿಗೆ ಪಡೆದಳು. ಲೋಟ ತುಟಿಗೆ ತಾಕಿದ್ದೇ ತಡ ಊನಾ ಉಗುಳಿದಳು. ಎಡಗೈಯಿಂದ ಬೀಸಿ ಹೊಡೆದಳು. ವೈನು ಬಿಳಿ ಹೊದಿಕೆಯ ಮೇಲೆಲ್ಲ ಚೆಲ್ಲಿತು.

"ಇದು ಸಾಲದೇನೋ, ಬಾಟ್ಲಿನೇ ಬೇಕೇನೋ," ಎಂದಳು ಶೆರಿಲ್. ಸಿಸ್ಟರ್ ಹಾಳೆಯಲ್ಲಿ ಬರೆದಳು: ಮದ್ಯ ಕೇಳಿ ಹಟ ಮಾಡುತ್ತಾರೆ, ಸಿಟ್ಟು ಜಾಸ್ತಿ.

ಭಾನುವಾರ ಗ್ವೆನ್ ಬಂದಳು. ಸಿಸ್ಟರ್ ಅವಳನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಇವರಿಗೆ ಕುಡಿಯುವ ಅಭ್ಯಾಸವಿತ್ತೇ ಎಂದು ಕೇಳಿದಳು. ಗ್ವೆನ್‌ಳ ಮುಖ ಸುಣ್ಣದ ಗೋಡೆಯಂತಾಯಿತು.

"ನಮ್ಮತ್ತೇನಾ? ಅವರು ಮೆಥಡಿಸ್ಟ್ ಚರ್ಚಿನವರು ಸಿಸ್ಟರ್. ಹನ್ನೆರಡನೇ ವಯಸ್ಸಿಗೇ ಕುಡಿಯಲ್ಲ ಅಂತ ಪ್ರಮಾಣ ಮಾಡಿದವರು. ನಮ್ಮ ಮದುವೇಲಿ ಶಾಂಪೇನ್ ಇಟ್ವಿ ಅಂತ ನನ್ನ ಹತ್ರ ಒಂದು ವರ್ಷ ಮಾತು ಬಿಟ್ಟಿದ್ರು."

"ಮನಸ್ಸಿನ ಹಿಡಿತ ತಪ್ಪಿದಾಗ ಒಳಗಿರೋದು ಹೊರಗೆ ಬರುತ್ತೆ, ಕೆಲವು ಸಲ," ಎಂದಳು ಸಿಸ್ಟರ್, ಮೆಲ್ಲಗೆ.

ಡೆಲಿಸ್ ಎರಡು ಮಾರು ದೂರದಲ್ಲಿ ಕಿಟಕಿ ಒರೆಸುತ್ತಿದ್ದಳು. ಆ ಕಿಟಕಿ ಆಗಲೇ ಹೊಳೆಯುತ್ತಿತ್ತು. ಗ್ವೆನ್ ಅತ್ತೆಯ ಮಂಚದ ಬಳಿ ಹೋಗಿ ನಿಂತಳು, ಕೂರಲಿಲ್ಲ. "ಒಂದು ವರ್ಷ," ಎಂದಳು. "ನನ್ನನ್ನ ಒಂದು ವರ್ಷ ಅಳಿಸಿದ್ರಿ." ಮುದುಕಿ ಅವಳ ತೋಳು ಹಿಡಿದು "ಪೋರ್ಟು, ಗ್ವೆನ್, ಪೋರ್ಟು" ಎಂದು ಬೇಡಿದಳು. ಗ್ವೆನ್ ತೋಳು ಬಿಡಿಸಿಕೊಂಡು ಹೊರಟುಹೋದಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ಈ ದಿನಗಳಲ್ಲಿ ಡೆಲಿಸ್ ಪಟ್ಟ ಪಾಡು ಅವಳಿಗೇ ಗೊತ್ತು. ಬಸ್ಸಿನಲ್ಲಿ ಕೂತು, ಇವತ್ತು ಹೇಳಿಯೇ ಹೇಳುತ್ತೇನೆ ಎಂದುಕೊಳ್ಳುವಳು. ಗೇಟು ದಾಟುವಷ್ಟರಲ್ಲಿ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ ಏನೆನ್ನಲಿ ಎಂಬ ಪ್ರಶ್ನೆ ಎದುರಿಗೆ ನಿಲ್ಲುವುದು. ಮೊದಲ ದಿನ ಹೇಳಿದ್ದರೆ ಒಂದು ನಗೆಯಲ್ಲಿ ಮುಗಿಯುತ್ತಿತ್ತು. ಈಗ ಹೇಳಿದರೆ ಉಗಿತ. ನಾಳೆ ಹೇಳಿದರೆ ಇನ್ನೂ ಹೆಚ್ಚು. ಯಾರಿಗೂ ಹೇಳದೆ ಉಗ್ರಾಣದಿಂದ ಪೆಟ್ಟಿಗೆ ತಂದು ಮಂಚದ ಕೆಳಗಿಟ್ಟರೆ ಸಾಕಲ್ಲ ಎಂದೂ ಹೊಳೆಯಿತು. ಕೀಲಿ ಸಿಸ್ಟರ್ ಬಳಿ ಇತ್ತು, ಕೇಳಬೇಕಿತ್ತು. ಅದನ್ನೂ ಕೇಳಲಿಲ್ಲ.

ಊನಾಳಿಗೆ ಊಟ ಮಾಡಿಸುವ ಸರದಿ ಬಂದರೆ ಶೆರಿಲ್‌ಗೆ ಬದಲಿಸಿಕೊಡುತ್ತಿದ್ದಳು.

ಮೂರನೆಯ ವಾರದ ಬುಧವಾರ ಉಗ್ರಾಣ ಖಾಲಿ ಮಾಡಿಸಿದರು. ತೀರಿಹೋದವರು ಬಿಟ್ಟ, ಯಾರೂ ಕೇಳದ ಸಾಮಾನುಗಳನ್ನು ದಾನದಂಗಡಿಯ ವ್ಯಾನಿಗೆ ತುಂಬಬೇಕಿತ್ತು. ಸಿಸ್ಟರ್ ಬಾಗಿಲು ತೆಗೆದು, "ಹೆಸರಿನ ಚೀಟಿ ಇಲ್ಲದ್ದೆಲ್ಲ ಹೋಗಲಿ," ಎಂದು ಹೇಳಿ ಹೋದಳು. ಡೆಲಿಸ್ ಮತ್ತು ಶೆರಿಲ್ ಸಾಗಿಸತೊಡಗಿದರು. ಮೂಲೆಯಲ್ಲಿ ಆ ಕಂದು ಪೆಟ್ಟಿಗೆ ಇತ್ತು. ಒತ್ತುರಟ್ಟಿನದು, ಮೂಲೆಗಳಿಗೆ ತಗಡು, ಮಕ್ಕಳು ಶಾಲೆಗೆ ಒಯ್ಯುವಂಥದು. ಚೀಟಿ ಬಿದ್ದುಹೋಗಿತ್ತು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಯಾರೋ ಕಾಳಜಿಯಿಂದ ಬರೆದಿದ್ದರು: ನೆವ್, ಮೂರನೇ ತರಗತಿ.

"ಅದ್ಯಾರ್ದೇ ಅದು?" ಎಂದಳು ಶೆರಿಲ್.

"ಯಾರ್ದೋ," ಎಂದಳು ಡೆಲಿಸ್.

ತನ್ನ ಕೈಯಿಂದಲೇ ಅದನ್ನು ಎತ್ತಿಕೊಂಡು ಹೋಗಿ ವ್ಯಾನಿನಲ್ಲಿಟ್ಟಳು. ನಾಳೆ ರಜೆ, ಅಂಗಡಿಗೆ ಹೋಗಿ ಸದ್ದಿಲ್ಲದೆ ಬಿಡಿಸಿಕೊಂಡು ಬಂದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಅವಳು ಗೇಟಿನ ಬಳಿಯೇ ನಿಂತಿದ್ದಳು. ಸುಮ್ಮನೆ ಎಂದಳು, ಯಾಕೆಂದು ಶೆರಿಲ್ ಕೇಳಿದ್ದಕ್ಕೆ.

ಮರುದಿನ ಬಾಗಿಲು ತೆರೆಯುವ ಮೊದಲೇ ಅಂಗಡಿಯ ಮುಂದೆ ನಿಂತಿದ್ದಳು. ಅಲ್ಲಿಯ ಹೆಂಗಸು ನೆನಪಿಸಿಕೊಂಡು ಹೇಳಿದಳು: "ಆ ಪುಟ್ಟ ಪೆಟ್ಟಿಗೇನಾ? ನಿನ್ನೆ ಸಂಜೇನೇ ಹೋಯ್ತಲ್ಲ ಚಿನ್ನಾ. ಸಮುದ್ರದ ಜೆಟ್ಟಿ ಕಟ್ಟೆ ಮೇಲೆ ಏಡಿ ಹಿಡೀತಾನಲ್ಲ ಡಚ್ಚಿನವ, ಕೋರ್ನೆಲಿಸ್, ಅವ್ನು ತಗೊಂಡ."

"ಒಳಗಿದ್ದ ಸಾಮಾನು?"

"ಒಂದು ಪ್ರಾರ್ಥನೆ ಪುಸ್ತಕ ಇತ್ತು, ಅಗೋ ಅಲ್ಲಿದೆ. ಉಳಿದದ್ದು ಬರೀ ಕಾಗದ. ಮಗೂದು ಶಾಲೆ ಅಂಕಪಟ್ಟಿ, ಹಳೇ ಫೋಟೋ. ಅದನ್ನ ಯಾರು ತಗೊಳ್ತಾರೆ? ಕಸಕ್ಕೆ ಹಾಕ್ದೆ. ಬೆಳಗ್ಗೆ ಲಾರಿ ಬಂದು ಹೋಯ್ತು."

ಡೆಲಿಸ್ ಪ್ರಾರ್ಥನೆ ಪುಸ್ತಕವನ್ನು ಎದೆಗವಚಿಕೊಂಡು ಜೆಟ್ಟಿಯವರೆಗೆ ಓಡುನಡಿಗೆಯಲ್ಲಿ ಹೋದಳು. ಕೋರ್ನೆಲಿಸ್ ಬಲೆ ಇಳಿಬಿಟ್ಟು ಕೂತಿದ್ದ. ಪಕ್ಕದಲ್ಲಿ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಒಳಗೆ ಸೀಸದ ಗುಂಡು, ದಾರ, ಏಡಿಗೆ ಹಾಕುವ ಮೀನಿನ ತಲೆಗಳು. ಅವಳು ಉಸಿರು ಸಿಕ್ಕಿದಷ್ಟರಲ್ಲಿ ಕಥೆ ಹೇಳಿದಳು. ಒಂದು ಭಾಗವನ್ನು ಮಾತ್ರ ನುಂಗಿಕೊಂಡಳು: ಅದನ್ನು ವ್ಯಾನಿಗೆ ಇಟ್ಟವಳು ತಾನೇ ಎಂಬುದನ್ನು.

"ಯಾವನೋ ದಡ್ಡ ಕೊಟ್ಬಿಟ್ಟಿದಾನೆ ಬಿಡಿ," ಎನ್ನುತ್ತಾ ಅವನು ಸಾಮಾನನ್ನೆಲ್ಲ ಬಕೆಟ್ಟಿಗೆ ಸುರಿದ. ಪೆಟ್ಟಿಗೆಯನ್ನು ಸಮುದ್ರದ ನೀರಿನಲ್ಲಿ ತೊಳೆದು, ತನ್ನ ಅಂಗಿಯಿಂದ ಒರೆಸಿ ಕೊಟ್ಟ. "ನಮ್ಮಮ್ಮನೂ ಹೀಗೇ ಒಂದು ಪೆಟ್ಟಿಗೆ ಇಟ್ಕೊಂಡಿದ್ಳು. ಬೇಗ ಹೋಗಿ."

ರಜೆಯ ದಿನವೇ ಅವಳು ಆಸರೆಮನೆಗೆ ಹೋದಳು. ಮಧ್ಯಾಹ್ನದ ಬಿಸಿಲು ಊನಾಳ ಮಂಚದ ಮೇಲೆ ಬಿದ್ದಿತ್ತು. ಮುದುಕಿ ಆ ಪದವನ್ನು ಕೇಳುವುದನ್ನು ಬಿಟ್ಟು ಎರಡು ದಿನವಾಗಿತ್ತು. ಡೆಲಿಸ್ ಪೆಟ್ಟಿಗೆಯನ್ನು ಹೊದಿಕೆಯ ಮೇಲಿಟ್ಟು, ಇಪ್ಪತ್ತು ವರ್ಷದಿಂದ ಇಲ್ಲಿ ಯಾರೆದುರೂ ಆಡದ ಊರಿನ ಮಾತಿನಲ್ಲಿ, ಕೊನೆಯ ಎಳೆತದ ಸಮೇತ ಹೇಳಿದಳು:

"ನಿನ್ ಪೋರ್ಟು ತಂದಿದೀನಿ ಊನಾ, ಏ?"

ಮುದುಕಿಯ ಕಣ್ಣು ಅರಳಿತು. ಎಡಗೈ ಬಿಳಿ ಅಕ್ಷರಗಳ ಮೇಲೆ ಆಡಿತು. ಆಮೇಲೆ ಕೊಂಡಿ ಎಳೆದಳು. ಒಳಗೆ ಪ್ರಾರ್ಥನೆ ಪುಸ್ತಕ ಒಂದೇ, ಮೀನಿನ ವಾಸನೆ. ಅವಳು ಒಳಗಿನ ಕಾಗದದ ಹೊದಿಕೆಯ ಕೆಳಗೆಲ್ಲ ಬೆರಳಾಡಿಸಿ ಹುಡುಕಿದಳು.

"ನೆವ್," ಎಂದಳು. "ನೆವ್?"

"ಹೋಯ್ತು ಊನಾ. ಕಸಕ್ಕೆ ಹೋಯ್ತು. ತಡ ಮಾಡ್ಬಿಟ್ಟೆ ನಾನು."

ಊನಾ ಬಹಳ ಹೊತ್ತು ಅವಳ ಮುಖ ನೋಡಿದಳು. ಪದ ಹುಡುಕುತ್ತಿದ್ದಳು. "ನೀ... ಎಲ್ಲಿ?"

"ಬಬಿಂಡಾ."

ಮುದುಕಿಯ ತುಟಿ ಅಲುಗಿತು. ಹಾಗಾದರೆ ಈ ಹೆಂಗಸಿಗೆ ಆ ಪದ ಹೊಸದಲ್ಲ ಎಂಬುದು ಅವಳೊಳಗೆ ಮೆಲ್ಲಗೆ ಇಳಿಯುತ್ತಿರುವುದು ಡೆಲಿಸ್‌ಗೆ ಕಂಡಿತು.

"ಗೊತ್ತಿತ್ತಾ?"

"ಗೊತ್ತಿತ್ತು."

ಊನಾ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಅದನ್ನು ತನ್ನ ಪಕ್ಕೆಗೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.

ಡೆಲಿಸ್ ಅಲ್ಲಿಂದ ನೇರ ಸಿಸ್ಟರ್ ನೊಸ್ಕೆಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಪದದ ಅರ್ಥ, ಹುಟ್ಟೂರು, ವ್ಯಾನು. ಸಿಸ್ಟರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ನಗ್ತಾರೆ ಅಂತ, ಸಿಸ್ಟರ್."

"ನಗ್ತಾರೆ ಅಂತ." ಸಿಸ್ಟರ್ ಆ ಮಾತನ್ನು ತಾನೇ ಒಮ್ಮೆ ಆಡಿ ನೋಡಿದಳು. ಆಮೇಲೆ ಹಾಳೆ ತರಿಸಿ, ಮದ್ಯದ ಸಾಲುಗಳನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿದಳು. ಕೆಲಸದಿಂದ ತೆಗೆಯಲಿಲ್ಲ. "ಚೀಟಿ ಬಿದ್ದಿದ್ದನ್ನ ನೋಡದೆ ಹೋದೋಳು ನಾನೂ ಹೌದು. ಆದರೆ ಅವರ ಸೊಸೆಗೆ ನೀನೇ ಹೋಗಿ ಹೇಳ್ಬೇಕು," ಎಂದಳು.

ಶೆರಿಲ್ ನಗಲಿಲ್ಲ. ಇಷ್ಟು ವರ್ಷ ಹೆದರಿದ್ದ ಆ ನಗು ಬರಲೇ ಇಲ್ಲ. "ನನ್ನ ಬಾಯಿಗಿಷ್ಟು ಬೆಂಕಿ ಹಾಕ," ಎಂದು ಮುಖ ತಿರುಗಿಸಿಕೊಂಡಳು.

ಶನಿವಾರ ಡೆಲಿಸ್ ಗ್ವೆನ್‌ಳ ಮನೆಗೆ ಹೋದಳು. ಗ್ವೆನ್ ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡಳು. ಒಳಗೆ ಕರೆಯಲಿಲ್ಲ.

"ನೆವ್ ಹೇಳ್ತಿದ್ದ ಆ ಪದಾನ," ಎಂದಳು ಕೊನೆಗೆ. "ಮದುವೆ ಆದ ಹೊಸದರಲ್ಲಿ. ನಾನೇ ನಕ್ಕು ನಕ್ಕು ಬಿಡಿಸಿದ್ದೆ. ನಂಗೂ ಮರ್ತುಹೋಗಿತ್ತು." ಅವಳ ಕೈ ಬಾಗಿಲ ಹಿಡಿಯ ಮೇಲಿತ್ತು. "ಎರಡು ವಾರ ಹೋಗ್ಲಿಲ್ಲ ನಾನು ಅವರ ಹತ್ರ. ಕೈ ಬಿಡಿಸ್ಕೊಂಡು ಬಂದ್ಬಿಟ್ಟೆ." ಬಾಗಿಲು ಮುಚ್ಚಿತು.

ಗ್ವೆನ್ ಅದೇ ಸಂಜೆ ಹೋದಳು, ಆಮೇಲೆ ದಿನಾ ಹೋದಳು. ತನ್ನ ಮನೆಯಲ್ಲಿದ್ದ ನೆವಿಲ್‌ನ ಫೋಟೋಗಳನ್ನು ಒಯ್ದು ಪೆಟ್ಟಿಗೆಗೆ ತುಂಬಿದಳು. ಅವು ದೊಡ್ಡವನಾದ ನೆವಿಲ್‌ನವು. ಚಿಕ್ಕವನಿದ್ದಾಗಿನದು ಒಂದೂ ಉಳಿದಿರಲಿಲ್ಲ. ಊನಾ ಐದು ತಿಂಗಳು ಬದುಕಿದಳು. ಆ ಐದು ತಿಂಗಳೂ ಶೆರಿಲ್ ಕೈಯಿಂದ ತಲೆ ಬಾಚಿಸಿಕೊಂಡಳು, ಸಿಸ್ಟರ್ ಕೈಯಿಂದ ಔಷಧಿ ಕುಡಿದಳು. ಡೆಲಿಸ್ ಚಮಚ ಹಿಡಿದು ಬಂದರೆ ತುಟಿ ಬಿಗಿದುಕೊಂಡಳು. ಡೆಲಿಸ್ ಸರದಿ ಬದಲಿಸುವುದನ್ನು ನಿಲ್ಲಿಸಿದ್ದಳು. ಪ್ರತಿ ಸಲವೂ ತಟ್ಟೆ ತಂದಳು, ಪ್ರತಿ ಸಲವೂ ತುಂಬಿದ ತಟ್ಟೆಯನ್ನು ವಾಪಸು ಒಯ್ದು ಶೆರಿಲ್ ಕೈಗೆ ಕೊಟ್ಟಳು.

ಅಂತ್ಯಕ್ರಿಯೆ ಅಕ್ಟೋಬರಿನಲ್ಲಿ ನಡೆಯಿತು. ಆಮೇಲೆ ಎಲ್ಲರೂ ಗ್ವೆನ್‌ಳ ಮನೆಗೆ ಚಹಾಕ್ಕೆ ಬಂದರು. ಆಸರೆಮನೆಯವರನ್ನೂ ಕರೆದಿದ್ದಳು. ಈ ಸಲ ಡೆಲಿಸ್‌ಗೆ ಬಾಗಿಲು ತೆರೆಯಿತು. ಅವಳು ಕಪ್ಪು ಹಿಡಿದು ಗೋಡೆಗೊರಗಿ ನಿಂತಳು. ಚರ್ಚಿನ ಹೆಂಗಸರು, ಗ್ವೆನ್‌ಳ ಅಣ್ಣ ಕ್ಲ್ಯಾರಿ, ಒಂದಿಬ್ಬರು ನೆರೆಯವರು. ಮಾತು ಊನಾಳ ಪ್ರಮಾಣದ ಕಡೆ ತಿರುಗಿತು. ಕುಡುಕಿ ಎಂದು ಬರೆದಿದ್ದರಂತಲ್ಲ ಎಂದು ಯಾರೋ ಅಂದರು. ಗ್ವೆನ್ ಪದದ ಕಥೆ ಹೇಳಿದಳು. ಹೆಂಗಸರು ಲೊಚಗುಟ್ಟಿದರು.

"ಅಷ್ಟು ಜನ ಕೆಲಸ ಮಾಡೋ ಜಾಗದಲ್ಲಿ ಒಬ್ಬರಿಗೂ ಗೊತ್ತಿರ್ಲಿಲ್ವಾ?" ಎಂದ ಕ್ಲ್ಯಾರಿ. "ಎಂಥಾ ಜನ ಮಾರಾಯ್ತಿ!"

ಗ್ವೆನ್ ಒಂದು ಕ್ಷಣ ಡೆಲಿಸ್ ಕಡೆ ನೋಡಿದಳು. ನೋಡಿ ಕಣ್ಣು ತೆಗೆದಳು.

"ಗೊತ್ತಿರ್ಲಿಲ್ಲ," ಎಂದಳು. "ಉತ್ತರದ ಪದ ಅಲ್ವಾ. ಯಾರಿಗೆ ಗೊತ್ತಿರುತ್ತೆ?"

ಬಾಗಿಲು ಮುಚ್ಚಿದ ದಿನಕ್ಕಿಂತ ಈ ದಯೆ ಡೆಲಿಸ್‌ಳನ್ನು ಹೆಚ್ಚು ಇರಿಯಿತು. ಸುಮ್ಮನೆ ನಿಂತಿದ್ದರೆ ಮುಗಿದುಹೋಗುತ್ತಿತ್ತು. ಕ್ಲ್ಯಾರಿ ಆಗಲೇ ಕೇಕಿಗೆ ಕೈ ಚಾಚಿದ್ದ. ಅವಳು ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

"ನನಗೆ ಗೊತ್ತಿತ್ತು," ಎಂದಳು. "ನಾನು ಬಬಿಂಡಾದೋಳು. ಮೊದಲ ದಿನವೇ ಗೊತ್ತಿತ್ತು. ಹೇಳ್ಲಿಲ್ಲ."

ಕ್ಲ್ಯಾರಿ ಕೈಯಲ್ಲಿದ್ದ ಕೇಕಿನ ತುಂಡನ್ನು ತಟ್ಟೆಗೆ ಮರಳಿ ಇಟ್ಟ. ಒಬ್ಬ ಮುದುಕಿ ಎದ್ದು ಖಾಲಿ ಕಪ್ಪುಗಳನ್ನು ಜೋಡಿಸತೊಡಗಿದಳು. ಡೆಲಿಸ್ ತನ್ನ ಕೋಟು ತೆಗೆದುಕೊಂಡಳು. ಗ್ವೆನ್ ಗೇಟಿನವರೆಗೆ ಬಂದು, ಅವಳು ದಾಟಿದ ಮೇಲೆ ಗೇಟು ಹಾಕಿಕೊಂಡಳು. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಿಲ್ದಾಣದಲ್ಲಿ ಬೆಂಚಿದ್ದರೂ ಡೆಲಿಸ್ ಕೂರಲಿಲ್ಲ, ಬಸ್ಸು ಬರುವ ತನಕ ನಿಂತೇ ಇದ್ದಳು.